ಮಾವನ ಗಡ್ಡ, ಸೊಸೆಯ ಸೆರಗು

ಒಂದೂರಿತ್ತಂತೆ, ಹೈದರಾಬಾದು. ಅಲ್ಲಿಯ ಕುಷಾಯಿಗೂಡದಲ್ಲಿ ಒಬ್ಬ ಮಾವ, ಒಬ್ಬಳು ಸೊಸೆ. ಲಕ್ವಾ ಹೊಡೆದು ಸೊಟ್ಟಗಾದ ಬಾಯನ್ನು ಕ್ಷೌರದವನಿಗೂ ತೋರಿಸಲೊಲ್ಲದ ಸಂಗಣ್ಣನಿಗೆ, "ಗಡ್ಡ ನಾನ ತೆಗಿತೀನ್ರಿ ಮಾವಾರ" ಎಂದು ಸೊಸೆ ಭಾಗ್ಯಶ್ರೀ ಮಾತು ಕೊಟ್ಟಿದ್ದಳು.

ಮಾತೇನೋ ಕೊಟ್ಟಳು, ಆದರೆ ಮಾವನೆದುರು ಹಣೆಗಿಳಿದ ಸೆರಗನ್ನು ಮಾತ್ರ ಸರಿಸಲಿಲ್ಲ. ಅದು ಕಣ್ಣಿಗೆ ಅಡ್ಡ ಬಂದು ಬ್ಲೇಡು ಗದ್ದಕ್ಕೆ ತಾಗಿತು. ನೊರೆಯೊಳಗೆ ರಕ್ತ ಒಸರಿತು.

"ಅಯ್ಯ, ತಪ್ಪಾತ್ರಿ!" ಒದ್ದೆ ಮಾಡಿದ ಪಟಿಕದ ಕಲ್ಲನ್ನು ಗಾಯಕ್ಕೆ ಮುಟ್ಟಿಸಿದಳು. ಉರಿಗೆ ಅವನು ಹಲ್ಲು ಕಚ್ಚಿದಾಗ ಬೆದರಿ ಕೈ ಹಿಂದೆಗೆದಳು.

"ಫಿಟ್ಕರಿ ಒತ್ತಿ ಹಿಡಿಯವ್ವ, ರಕ್ತ ನಿಲ್ಲತೈತಿ. ಮದಲ ಆ ಸೆರಗು ತೆಗಿ. ನಾನ ಈ ಸೊಟ್ಟ ಮಾರಿ ತೋರಿಸಿ ಕುಂತೀನಿ, ನೀ ಯಾಕ ನಿನ್ನ ಮಾರಿ ಮುಚ್ಚಗೋತಿ? ಮುಂದ ಕಿವಿನೂ ಹೋದೀತು!"

ಭಾಗ್ಯಶ್ರೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. ಮದುವೆಯಾದ ಮೇಲೆ ಮೊದಲ ಸಲ ಮಾವನ ಮುಖವನ್ನು ನೆಟ್ಟಗೆ ನೋಡುತ್ತಾ, ತುಟಿಯ ಕೆಳಗಿನ ಕೊನೆಯ ಕೂದಲನ್ನೂ ತೆಗೆದು ಮುಗಿಸಿದಳು.