ಬೀಗರ ಹತ್ತು ಟೆಂಗೆ

"ಓದು ಮಗಳೇ. ಬೈಗುಳಾನೂ ಬಿಡಬೇಡ."

ಶೋಲ್ಪಾನ್ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದಳು. "'ಹನ್ನೊಂದು ವರ್ಷ ನಂಬಿಸಿ ಈಗ ಕತ್ತು ಕುಯ್ದರು.' 'ತೊರ್ಗಾಯ್‌ನವರಿಗೆ ದುಡ್ಡಿನ ಹುಚ್ಚು ಹಿಡಿದಿದೆ.' ಮುಂದಿನದು ಬೇಡ ಬಿಡಿ, ಒರೆಕೆ."

"ಅದನ್ನೇ ಓದು."

"'ಈ ಯೋಚನೆ ಮಾಡಿದವನ ತಲೆಯಲ್ಲಿ ಕುರಿಹಿಕ್ಕೆ ತುಂಬಿದೆ.'"

ಯೋಚನೆ ಮಾಡಿದವರು ಮೇಜಿನ ತಲೆಗಡೆಯಲ್ಲೇ ಕೂತಿದ್ದರು. ಕಿರಿಯರು ಗೌರವದಿಂದ ಒರೆಕೆ ಎಂದು ಕರೆಯುವ ಒರಾಲ್‌ಬಾಯ್ ಬಾಯಲ್ಲಿದ್ದ ಒಣಮೊಸರಿನ ಉಂಡೆಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು.

"ಎಷ್ಟು ಜನ ಬಿಟ್ಟು ಹೋದ್ರು?"

"ನಾಲ್ಕು ಸ್ಟುಡಿಯೋ."

"ನಾಲ್ಕೇನಾ?"

ಶೋಲ್ಪಾನ್ ಫೋನನ್ನು ಮೇಜಿನ ಮೇಲೆ ಮಗುಚಿಟ್ಟಳು.

ಅಲ್ಮಾಟಿಯ ಈ ಐದನೇ ಮಹಡಿಯಲ್ಲಿ ತಯಾರಾಗುವುದು ಆಟಗಳಲ್ಲ, ಆಟಗಳ ಅಡಿಪಾಯ. ಓಡುವುದು, ಬೀಳುವುದು, ಬೆಳಕು, ನೆರಳು ಎಲ್ಲ ಸಿದ್ಧಮಾಡಿ ಇಟ್ಟ ತೊರ್ಗಾಯ್ ಎಂಜಿನ್. ಅದರ ಮೇಲೆ ಯಾರು ಬೇಕಾದರೂ ತಮ್ಮ ಆಟ ಕಟ್ಟಿಕೊಳ್ಳಬಹುದು, ಪುಕ್ಕಟೆ. ಆಟ ವರ್ಷಕ್ಕೆ ಐದು ಕೋಟಿ ಟೆಂಗೆ ದಾಟಿ ದುಡಿದರೆ ಮಾತ್ರ ನೂರಕ್ಕೆ ಐದು ಕೊಡಬೇಕು. ನೂರರಲ್ಲಿ ತೊಂಬತ್ತೇಳು ಮಂದಿ ಆ ಗೆರೆಯ ಹತ್ತಿರವೂ ಸುಳಿಯುವುದಿಲ್ಲ. ಉಳಿದ ಮೂವರು ಇಲ್ಲಿನ ಅರವತ್ತು ಜನರ ಸಂಬಳ ಹೊರುತ್ತಾರೆ. ಆ ಮೂವರು ಬರುವುದೂ ತೊಂಬತ್ತೇಳರ ಸಸಿಮಡಿಯಿಂದಲೇ ಎನ್ನುವುದು ಶೋಲ್ಪಾನಳಿಗೆ ಗೊತ್ತು. ಸ್ಟುಡಿಯೋಗಳ ಜೊತೆ ಹನ್ನೊಂದು ವರ್ಷದಿಂದ ಮಾತಾಡುತ್ತಿರುವವಳು ಅವಳೇ. ಈಗ ತಾಷ್ಕೆಂಟಿನ ಸ್ಟುಡಿಯೋಗಳೂ ಬಂದಿವೆ. ಗಣಿ ಕಂಪನಿಗಳು ಲಾರಿ ಚಾಲಕರ ತರಬೇತಿಗೆಂದು ಎಂಜಿನ್ನನ್ನು ವರ್ಷದ ಬಾಡಿಗೆಗೆ ಕೇಳುತ್ತಿವೆ. ನಿಧಾನ, ಆದರೆ ಬೆಳೆಯುತ್ತಿದೆ.

ಒರಾಲ್‌ಬಾಯ್‌ಗೆ ನಿಧಾನ ಒಗ್ಗದು. ಹಿಟ್ಟಿನ ಗಿರಣಿಗಳ ಧಣಿ. ಎರಡು ವರ್ಷದ ಹಿಂದೆ ಬಂಡವಾಳ ಹಾಕಿದರು. ಕಳೆದ ಶರತ್ಕಾಲದಲ್ಲಿ ಅವರ ಮಗಳನ್ನು ತೊರ್ಗಾಯ್ ಕಟ್ಟಿದ ತಾಲ್ಗಾತರ ಮಗನಿಗೆ ಕೊಟ್ಟು ಬೀಗರೂ ಆದರು. ಹೋದ ತಿಂಗಳು ಚಹಾ ಕುಡಿಯುತ್ತ ಒಂದು ಮಾತು ಎಸೆದರು: ಆಟ ದುಡಿಯಲಿ ಬಿಡಲಿ, ಒಂದೊಂದು ಫೋನಿಗೆ ಇಳಿದಾಗಲೂ ಅದನ್ನು ಕಟ್ಟಿದವರಿಂದ ಹತ್ತು ಟೆಂಗೆ ವಸೂಲಿ ಮಾಡಿದರೆ ಹೇಗೆ?

ಬೀಗರ ಮಾತಿಗೆ ಇಲ್ಲ ಎನ್ನುವುದು ಹೇಗೆ? "ಅದ್ಭುತ, ಬೀಗ್ರೇ," ಎಂದರು ತಾಲ್ಗಾತ್. ಶೋಲ್ಪಾನಳೂ ತಲೆಯಾಡಿಸಿದಳು. ಒರಾಲ್‌ಬಾಯ್ ಮೂರು ಸಲ ಕೇಳಿದರು: "ಯಾರಿಗೂ ಏನೂ ಹೇಳೋಕೆ ಇಲ್ವಾ?" ಯಾರಿಗೂ ಇರಲಿಲ್ಲ. ಪ್ರಸ್ತಾವ ಕಾಗದಕ್ಕಿಳಿಯಿತು. ಮೂರೇ ಪ್ರತಿ, ಮೂವರಿಗೂ ಒಂದೊಂದು.

ಭಾನುವಾರ ಅದರ ಫೋಟೋ ಊರೆಲ್ಲ ಹರಿದಾಡಿತು.

"ಬೀಗ್ರೇ, ನೀವು ಮನಸ್ಸಿಗೆ ಹಚ್ಕೋಬೇಡಿ," ಎಂದರು ತಾಲ್ಗಾತ್. ಶೋಲ್ಪಾನಳ ಕಡೆ ನೋಡಲಿಲ್ಲ. "ಇದನ್ನ ಹೊರಗೆ ಹಾಕಿದವರು ಸಂಜೆಯೊಳಗೆ ಕುರ್ಚಿ ಖಾಲಿ ಮಾಡಬೇಕು. ಯಾರೇ ಆಗಿರಲಿ."

"ಅಷ್ಟು ಅವಸರ ಯಾಕೆ?" ಎಂದರು ಒರಾಲ್‌ಬಾಯ್.

ತಾಲ್ಗಾತ್ ಬೀಗರಿಗೆ ಚಹಾ ಬಗ್ಗಿಸಿದರು. ನೋಟ ಎಲ್ಲೋ ಇತ್ತು. ಅತಿಥಿ ಮರ್ಯಾದೆಯಂತೆ ಅರ್ಧಕ್ಕೆ ನಿಲ್ಲಬೇಕಿದ್ದ ಚಹಾ ಬಟ್ಟಲಿನ ಅಂಚಿಗೆ ಬಂತು.

"ತುಂಬಿಸಿ ಕೊಟ್ರಲ್ಲ ಬೀಗ್ರೇ. ಕುಡಿದು ಜಾಗ ಖಾಲಿ ಮಾಡು ಅಂತಲೋ?"

ತಾಲ್ಗಾತ್ ಕಿವಿಯ ತನಕ ಕೆಂಪಾದರು. ಶೋಲ್ಪಾನಳಿಗೆ ಅಷ್ಟು ಸಾಕಾಯಿತು. ಅತಿಯಾದ ಗುಡುಗು, ಅಂಚು ಮುಟ್ಟಿದ ಬಟ್ಟಲು, ತಪ್ಪಿಸುವ ಕಣ್ಣು. ಎದುರಿಗೆ ಇಲ್ಲ ಎನ್ನಲಾಗದ ಮನುಷ್ಯ ಹಿಂಬಾಗಿಲಿಂದ ಇಲ್ಲ ಎಂದಿದ್ದಾರೆ. ಅದು ಬಯಲಾದರೆ ಬಂಡವಾಳ ಹೋಗುತ್ತದೆ. ಹೊಸದಾಗಿ ಬಂದ ಸೊಸೆ ಅಪ್ಪ ಮಾವಂದಿರ ನಡುವೆ ನುಚ್ಚುನೂರಾಗುತ್ತಾಳೆ. ತಾನಾದರೆ? ಒಂದು ಕುರ್ಚಿ. ಹನ್ನೊಂದು ವರ್ಷ ಕೂತ ಕುರ್ಚಿ, ಅಷ್ಟೆ.

"ಹುಡುಕೋದು ಬೇಡ," ಎಂದಳು. "ಹಾಕಿದ್ದು ನಾನೇ."

ಒರಾಲ್‌ಬಾಯ್ ಅಗಿಯುವುದನ್ನು ನಿಲ್ಲಿಸಿದರು.

"ನೀನಾ?"

"ಹೂಂ."

"ಯಾಕೆ?"

ಕುರ್ಚಿ ಹೋದ ಮೇಲೆ ಮಾತಿಗೇನು ಬರ? "ಕರಗಂಡ ಊರಲ್ಲಿ ಗಂಡ ಹೆಂಡತಿ ಇಬ್ರು ಸೇರಿ ಮಕ್ಕಳಿಗೆ ಅಕ್ಷರ ಕಲಿಸೋ ಆಟ ಮಾಡಿದಾರೆ, ಒರೆಕೆ. ಬಿಟ್ಟಿ. ಹನ್ನೆರಡು ಲಕ್ಷ ಫೋನಿನಲ್ಲಿದೆ. ಅವರ ದುಡಿಮೆ ಸೊನ್ನೆ. ನಿಮ್ಮ ಹತ್ತು ಟೆಂಗೆ ಲೆಕ್ಕದಲ್ಲಿ ಅವರು ನಮಗೆ ಒಂದು ಕೋಟಿ ಇಪ್ಪತ್ತು ಲಕ್ಷ ಕೊಡಬೇಕು. ಜನ ಮೆಚ್ಚಿದಷ್ಟೂ ಮುಳುಗೋ ಕಡೆ ಯಾರು ಬರ್ತಾರೆ? ಹೊಸಬರು ಬರದೆ ಇದ್ರೆ ಐದು ವರ್ಷಕ್ಕೆ ನಾವೂ ಇರಲ್ಲ."

"ಇದನ್ನ ಆವತ್ತೇ ಹೇಳಬಹುದಿತ್ತಲ್ಲ."

"ನಿಮ್ಮೆದುರಿಗೆ ಹೇಗೆ ಹೇಳೋದು?"

ಒರಾಲ್‌ಬಾಯ್ ತುಂಬಿದ ಬಟ್ಟಲನ್ನು ಒಂದೇ ಗುಟುಕಿಗೆ ಮುಗಿಸಿ ಎದ್ದರು. "ಬೀಗ್ರೇ, ಊರೆಲ್ಲ ಉಗಿದ ಮೇಲೆ ಇನ್ನೇನು ಉಳೀತು? ಹತ್ತು ಟೆಂಗೆ ಇಲ್ಲ ಅಂತ ಈಗ್ಲೇ ಬರೆದು ಹಾಕಿ. ಹೋದ ನಾಲ್ವರನ್ನೂ ವಾಪಸ್ ಕರೀರಿ. ಈ ಹುಡುಗಿ ಕುರ್ಚಿ ಮಾತ್ರ ಮುಟ್ಟಬೇಡಿ."

ತಾಲ್ಗಾತ್ ಉಸಿರು ಬಿಟ್ಟ ಸದ್ದು ಕೋಣೆಯ ಆಚೆಗೂ ಕೇಳಿಸಿರಬೇಕು.

ಲಿಫ್ಟಿನ ಬಳಿ ಶೋಲ್ಪಾನ್ ಹಿರಿಯರ ಕೋಟು ಹಿಡಿದು ನಿಂತಳು. ಅವರು ಒಂದು ತೋಳು ತೂರಿಸಿದರು. ಇನ್ನೊಂದನ್ನು ತೂರಿಸುವ ಮೊದಲು ಹಿಂದೆ ತಿರುಗಿ, ತಾಲ್ಗಾತ್ ಬಾಗಿಲಲ್ಲಿಲ್ಲ ಎಂದು ಖಚಿತ ಮಾಡಿಕೊಂಡರು.

"ಸುಳ್ಳು ಚೆನ್ನಾಗಿ ಹೇಳ್ತೀಯ, ಮಗಳೇ. ಆದ್ರೆ ಆ ಫೋಟೋ ತೆಗೆದು ಹಾಕೋದಕ್ಕೆ ನನಗೆ ಅರ್ಧ ಭಾನುವಾರ ಹಿಡೀತು. ನೀವಿಬ್ಬರೂ ಅಷ್ಟು ಹೊಗಳಿದ ಮೇಲೆ, ಆಡಿದ ಮಾತು ವಾಪಸ್ ತಗೊಳ್ಳೋಕೆ ಬೇರೆ ದಾರಿ ಎಲ್ಲಿತ್ತು ಹೇಳು?"