ಸಮಕ್ಕೆ ಬಂದ ದನಿ

ಟೇಪ್ ರೆಕಾರ್ಡರ್ ನಿಲ್ಲಿಸಲೆಂದೇ ಶೇಷಗಿರಿ ಅಡುಗೆಮನೆಗೆ ನುಗ್ಗಿದ. ಆದರೆ ಅವನ ಕಣ್ಣು ಮೊದಲು ಬಿದ್ದದ್ದು ಹೆಂಡತಿ ವನಜಾಬಾಯಿಯ ಕಾಲಿನ ಮೇಲೆ. ಶೇಂಗಾ ಸುಲಿಯುತ್ತ ಕೂತಿದ್ದ ಆಕೆಯ ಹೆಬ್ಬೆರಳು ಹಾಡಿಗೆ ಸರಿಯಾಗಿ ನೆಲ ತಟ್ಟುತ್ತಿತ್ತು. ಆದವಾನಿ ಊರಿನ ಭಜನೆಗಳಲ್ಲಿ ಅವನ ತಬಲಾಕ್ಕೆ ತಲೆದೂಗದವರಿರಲಿಲ್ಲ. ಮದುವೆಯಾದಾಗಿನಿಂದ ಆ ಬೆರಳು ಮಾತ್ರ ಒಮ್ಮೆಯೂ ಅಲುಗಿರಲಿಲ್ಲ.

ಅದು ಹಿಪ್‌ಹಾಪ್ ಕ್ಯಾಸೆಟ್ಟು. ಆಕೆಯ ತಮ್ಮ ಮುಂಬಯಿಯಿಂದ ತಂದದ್ದು. ಕಾಲೇಜಿನ ದಿನಗಳಲ್ಲಿ ಗೆಳೆಯನ ಕೋಣೆಯಲ್ಲಿ ಇಂಥದ್ದನ್ನು ಕೇಳಿ, ಇದು ಹಾಡಲ್ಲ, ನಳದ ಮುಂದಿನ ಜಗಳ ಎಂದು ನಕ್ಕು ಶೇಷಗಿರಿ ಎದ್ದು ಬಂದಿದ್ದ.

"ಇದರಾಗ ಏನದ ಅಂತ ಕೇಳ್ತಿ? ರಾಗ ಇಲ್ಲ, ತಾಳ ಇಲ್ಲ," ಎಂದ.

"ಅಂವ ಏನಂತಾನೋ ನನಗೂ ತಿಳಿಯಂಗಿಲ್ರಿ. ಆದರ ಕಾಲು ಸುಮ್ಮನಿರವಲ್ದು."

ಆ ಮಾತು ಚುಚ್ಚಿತು. ತಪ್ಪು ತೋರಿಸಿಯೇ ನಿಲ್ಲಿಸೋಣವೆಂದು ಅವನು ಟೇಪಿನ ಗುಂಡಿಯ ಮೇಲೆ ಬೆರಳಿಟ್ಟು, ಇನ್ನೊಂದು ಕೈಯಿಂದ ತೊಡೆಯ ಮೇಲೆ ತಾಳ ಹಾಕತೊಡಗಿದ. ದನಿ ತಾಳವನ್ನು ಬಿಟ್ಟು ಓಡಿತು, ಹಿಂದೆ ಬಿತ್ತು, ಇನ್ನೇನು ತಪ್ಪಿತು ಎನ್ನುವಷ್ಟರಲ್ಲಿ ಮೊದಲ ಪೆಟ್ಟಿಗೇ, ಸಮಕ್ಕೇ, ಬಂದು ಕೂತಿತು. ಅಂಥದ್ದೊಂದು ಮುಕ್ತಾಯಕ್ಕಾಗಿ ಅವನು ವರ್ಷಗಟ್ಟಲೆ ಬೆರಳು ಸವೆಸಿದ್ದ. ಹೊಟ್ಟೆಕಿಚ್ಚು ಹೆಂಡತಿಯ ಕಾಲನ್ನು ಬಿಟ್ಟು ಆ ಕಾಣದ ಹಾಡುಗಾರನ ಕಡೆ ತಿರುಗಿತು.

"ನಿಲ್ಲಸ್ತೀರೇನ್ರಿ?" ಎಂದಳು ವನಜಾಬಾಯಿ.

"ತಡಿ," ಎನ್ನುತ್ತ ಅವನು ಆಕೆಯ ಪಕ್ಕದಲ್ಲೇ ನೆಲಕ್ಕೆ ಕೂತ. "ಹಿಂದಕ್ಕ ತಿರುಗಿಸು. ಅಂವ ಅದನ್ನ ಹ್ಯಾಂಗ ಮಾಡಿದ, ಕೇಳೂಣು."