ಹಳದಿ ಜಾಲರಿ

ನಿಜವಾದ ಮೆಷಿನ್ನಿನ ಮೇಲೆ ಪಾಠದ ಚಿತ್ರ ಮೂಡಿಸುವ ತರಬೇತಿಯ ಕನ್ನಡಕ ಹಾಕಿಕೊಂಡು, ಸುಂದರಿ ತಗಡು ಒತ್ತುವ ಪ್ರೆಸ್‌ನಲ್ಲಿ ಕೈ ಒಳಹೋಗದಂತೆ ತಡೆಯುವ ಹಳದಿ ಜಾಲರಿಯನ್ನು ಮುಟ್ಟಹೋದಳು. ಕೈ ಜಾಲರಿಯನ್ನು ದಾಟಿ ನೇರ ಅಚ್ಚಿನ ಕೆಳಗೇ ಹೋಯಿತು. ಬೆಚ್ಚಿ ಕೈ ಎಳೆದುಕೊಂಡು ಕನ್ನಡಕ ತೆಗೆದಳು. ಮೆಷಿನ್ನಿಗೆ ಜಾಲರಿಯೇ ಇರಲಿಲ್ಲ. ಕಳೆದ ಗಣಪತಿ ಹಬ್ಬಕ್ಕೆ ಮುಂಚೆ ಆ ಮೆಷಿನ್ನು ಅವಳ ಗಂಡ ಗುರುವಪ್ಪನ ಬಲಗೈ ತೆಗೆದುಕೊಂಡಾಗಲೂ ಇರಲಿಲ್ಲ. ಆ ಕೈಗೆ ಬದಲಾಗಿ ಕಂಪನಿ ಅವಳಿಗೆ ಅದೇ ಮೆಷಿನ್ನಿನ ಕೆಲಸ ಕೊಟ್ಟಿತ್ತು.

"ಜಾಲರಿ ಎಲ್ಲಿ, ಯೋಗೀಶಣ್ಣ?"

ಊರಿನವನೇ ಆದ ಸೂಪರ್‌ವೈಸರ್ ಯೋಗೀಶ ಕನ್ನಡಕವನ್ನು ಮೆತ್ತನೆಯ ಬಟ್ಟೆಯಿಂದ ಒರೆಸಿ ಪೆಟ್ಟಿಗೆಯಲ್ಲಿಟ್ಟ. "ಅದು ಟ್ರೈನಿಂಗಿಗೆ ಮಾತ್ರ ಅಕ್ಕ. ನಿಜವಾಗಿ ಹಾಕಿದ್ರೆ ಪ್ರೊಡಕ್ಷನ್ ಸ್ಲೋ ಆಗ್ತದೆ, ಸೇಠ್ ಬಿಡುವುದಿಲ್ಲ. ನೀವು ಪಾಸಾದ್ರಿ, ಶುರು ಮಾಡಿ."

ಬೆಳಿಗ್ಗೆ ಮುಂಬೈ ಹತ್ತಿರದ ಠಾಕುರ್ಲಿಯ ತಮ್ಮ ಒಂದೇ ಕೋಣೆಯ ಖೋಲಿಯಲ್ಲಿ ಗಂಡನ ಅಂಗಿಗೆ ಗುಂಡಿ ಹಾಕಿಕೊಟ್ಟು ಬಂದಿದ್ದಳು ಸುಂದರಿ. ಈಗ ಬಲಗೈಯನ್ನು ಬೆನ್ನ ಹಿಂದೆ ಇಟ್ಟುಕೊಂಡು, ತಗಡನ್ನು ಎಡಗೈಯಿಂದ ಅಚ್ಚಿನೊಳಗೆ ತಳ್ಳಿದಳು.

"ಅಯ್ಯೋ, ಬಲಗೈಯಲ್ಲಿ ಅಕ್ಕ!" ಯೋಗೀಶ ಕೂಗಿದ. "ಟ್ರೈನಿಂಗಲ್ಲಿ ಹಾಗಲ್ವಾ ತೋರಿಸಿದ್ದು?"

"ಎಡಗೈ ನಮ್ಮವರ ಹತ್ರ ಒಂದು ಉಳಿದಿದೆ," ಎಂದಳು ಸುಂದರಿ. "ಮನೆಗೆ ಬಲಗೈ ಒಂದಾದರೂ ಬೇಕಲ್ಲ."